ಭೌತಶಾಸ್ತ್ರದ ತರಗತಿಯಿಂದ ಶಾಸನಗಳ ಕಡೆಗೆ: ನನ್ನ ಅನುಭವ

ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನು ಮುಖ್ಯ ವಿಷಯಗಳಾಗಿ ತೆಗೆದುಕೊಂಡು ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಓದುತ್ತಿರುವ ನಾನು, ಪದವಿ ಮುಗಿದ ಮೇಲೆ ಎಂ.ಎಸ್ಸಿ.ಗೆ ಹೋಗದೆ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವದ ಎಂ.ಎ.ಗೆ ಸೇರಬೇಕೆಂದು ತೀರ್ಮಾನಿಸಿದ್ದೇನೆ. ಈ ತೀರ್ಮಾನ ಒಂದು ದಿನದಲ್ಲಿ ಆದದ್ದಲ್ಲ. ಬಿಡುವಿನ ವೇಳೆಯಲ್ಲಿ ಶಾಸನ ಓದುವುದನ್ನು ಸ್ವಂತವಾಗಿ ಕಲಿಯುತ್ತಾ ಹೋದಂತೆ, ಇದು ಹವ್ಯಾಸವಾಗಿಯಷ್ಟೇ ಉಳಿಯಬೇಕಾದ ವಿಷಯವಲ್ಲವೆಂದು ನನಗೆ ಖಚಿತವಾಯಿತು. ಹೇಗೆ ಕಲಿತೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ವಿಜ್ಞಾನ ಓದುತ್ತಿದ್ದರೂ ಮನಸ್ಸು ಇತಿಹಾಸದ ಕಡೆಗೆ ವಾಲಿರುವ, ಆದರೆ ಎಲ್ಲಿಂದ ಹಿಡಿಯಬೇಕೆಂದು ತೋಚದ ವಿದ್ಯಾರ್ಥಿಗಳು ನನ್ನ ಸುತ್ತಮುತ್ತಲೇ ಇದ್ದಾರೆ.

ನಮ್ಮ ಜಿಲ್ಲೆಯವರಿಗೆ ಈ ವಿಷಯದಲ್ಲಿ ಇರುವ ಅನುಕೂಲ ಬೇರೆಯವರಿಗೆ ಸುಲಭವಾಗಿ ಸಿಗುವಂಥದ್ದಲ್ಲ. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನಲ್ಲಿ. ಶ್ರವಣಬೆಳಗೊಳದ ಎರಡು ಬೆಟ್ಟಗಳ ಬಂಡೆಗಳ ಮೇಲೆ ಏಳನೆಯ ಶತಮಾನದಿಂದ ಹಿಡಿದು ಹತ್ತೊಂಬತ್ತನೆಯ ಶತಮಾನದವರೆಗಿನ ಬರಹಗಳಿವೆ. 2023ರಲ್ಲಿ ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು ಸೋಮನಾಥಪುರದ ದೇವಾಲಯದೊಂದಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿಗೆ ಬರುವವರು ಮದನಿಕೆಯರ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಾರೆ, ಆದರೆ ಆ ದೇವಾಲಯವನ್ನು ಯಾರು, ಯಾವಾಗ, ಯಾವ ಊರುಗಳ ಆದಾಯವನ್ನು ಬಿಟ್ಟುಕೊಟ್ಟು ನಡೆಸಿದರು ಎಂಬುದನ್ನು ಹೇಳುವ ಕಲ್ಲಿನ ಮುಂದೆ ನಿಲ್ಲುವವರು ಕಡಿಮೆ. ಆ ಕಲ್ಲಿನಲ್ಲಿರುವುದು ನಮ್ಮದೇ ಭಾಷೆ, ನಮ್ಮದೇ ಲಿಪಿಯ ಹಿಂದಿನ ರೂಪ. ಅದನ್ನು ಓದಲಾಗದೆ ದಾಟಿ ಹೋಗುವುದು ನನಗೆ ಸಹಿಸಲಾಗದ ಸಂಗತಿಯಾಗಿತ್ತು.

ನಾನು ಅಕ್ಷರಗಳಿಂದ ಶುರು ಮಾಡಲಿಲ್ಲ, ಕಾಲಗಣನೆಯಿಂದ ಶುರು ಮಾಡಿದೆ. ಗಣಿತದ ವಿದ್ಯಾರ್ಥಿಗೆ ಅದೇ ಸಹಜವಾದ ಬಾಗಿಲು ಎಂದು ಈಗಲೂ ನಂಬುತ್ತೇನೆ. ಹೊಯ್ಸಳರ ಕಾಲದ ಶಾಸನಗಳಲ್ಲಿ ಸಾಮಾನ್ಯವಾಗಿ ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ ಇಷ್ಟೂ ಇರುತ್ತವೆ. ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ ಬರುತ್ತದೆ. ವರ್ಷದ ಕೊನೆಯ ಮಾಸಗಳಲ್ಲಿ, ಅಂದರೆ ಪುಷ್ಯದ ಮಧ್ಯದಿಂದ ಫಾಲ್ಗುಣದವರೆಗೆ, 79 ಸೇರಿಸಬೇಕಾಗಬಹುದು. ಸಂವತ್ಸರಗಳು ಅರವತ್ತು, ಅವು ಸುತ್ತಿ ಸುತ್ತಿ ಬರುತ್ತವೆ. ಕಳೆದ ಶಕವರ್ಷಕ್ಕೆ, ಅಂದರೆ ಪೂರ್ತಿಯಾದ ವರ್ಷಗಳ ಎಣಿಕೆಗೆ, 12 ಸೇರಿಸಿ 60ರಿಂದ ಭಾಗಿಸಿದರೆ ಬರುವ ಶೇಷವೇ ಮೊದಲ ಸಂವತ್ಸರವಾದ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯ ಕಾಲ ಶಕ 1039, ಹೇವಿಳಂಬಿ ಸಂವತ್ಸರ. 1039ಕ್ಕೆ 12 ಸೇರಿಸಿದರೆ 1051. 60ರಿಂದ ಭಾಗಿಸಿದರೆ ಶೇಷ 31. ಪ್ರಭವದಿಂದ ಮೂವತ್ತೊಂದನೆಯದು ಹೇವಿಳಂಬಿಯೇ. 78 ಸೇರಿಸಿದರೆ 1117. ಅದೇ ಹೇವಿಳಂಬಿ ಹದಿನೈದು ಸುತ್ತು ಮುಗಿಸಿ 2017ರ ಯುಗಾದಿಗೆ ಮತ್ತೆ ಬಂದಿತ್ತು.

ಈ ಲೆಕ್ಕ ಬರೀ ಕುತೂಹಲಕ್ಕಲ್ಲ. ಕಲ್ಲು ಸವೆದು ಶಕವರ್ಷದ ಒಂದು ಅಂಕಿ ಅಳಿಸಿಹೋಗಿದ್ದರೂ ಸಂವತ್ಸರದ ಹೆಸರು ಉಳಿದಿದ್ದರೆ, ಸಾಧ್ಯವಿರುವ ವರ್ಷಗಳು ಅರವತ್ತು ವರ್ಷಕ್ಕೊಂದರಂತೆ ಮಾತ್ರ ಉಳಿಯುತ್ತವೆ. ಜೊತೆಗೆ ಆಳುತ್ತಿದ್ದ ಅರಸನ ಹೆಸರಿದ್ದರೆ ಸಾಮಾನ್ಯವಾಗಿ ಒಂದೇ ವರ್ಷ ನಿಲ್ಲುತ್ತದೆ. ಶೇಷದ ಗಣಿತವನ್ನು ತರಗತಿಯಲ್ಲಿ ಕಲಿಯುವಾಗ ಅದಕ್ಕೆ ಇಂಥ ಉಪಯೋಗವಿದೆಯೆಂದು ಯಾರಾದರೂ ಹೇಳಿದ್ದರೆ ಎಷ್ಟೋ ವಿದ್ಯಾರ್ಥಿಗಳು ಹೆಚ್ಚು ಪ್ರೀತಿಯಿಂದ ಕಲಿಯುತ್ತಿದ್ದರು.

ಅಕ್ಷರಗಳನ್ನು ಕಲಿಯಲು ನಾನು ಹಿಡಿದ ದಾರಿ, ಗೊತ್ತಿರುವ ಪಾಠವನ್ನು, ಅಂದರೆ ಶಾಸನದ ಅಚ್ಚಾದ ಬರಹವನ್ನು, ಕೈಯಲ್ಲಿಟ್ಟುಕೊಂಡು ಗೊತ್ತಿಲ್ಲದ ಅಕ್ಷರವನ್ನು ಗುರುತಿಸುವುದು. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಐದನೆಯ ಸಂಪುಟ ಹಾಸನ ಜಿಲ್ಲೆಯದು, 1902ರಲ್ಲಿ ಪ್ರಕಟವಾದದ್ದು. ನೆರೆಯ ಚಿಕ್ಕಮಗಳೂರಿನದು ಆರನೆಯ ಸಂಪುಟ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಮುಂದೆ ಈ ಸಂಪುಟಗಳನ್ನು ಪರಿಷ್ಕರಿಸಿ ಪ್ರಕಟಿಸಿತು. ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಸಂಪುಟದಲ್ಲಿ ಒಂದು ಶಾಸನದ ಪಾಠವನ್ನು ನಕಲು ಮಾಡಿಕೊಂಡು, ಅದೇ ಕಲ್ಲಿನ ಮುಂದೆ ಹೋಗಿ ನಿಂತು, ಸಾಲಿಗೆ ಸಾಲು ಹೊಂದಿಸುತ್ತಾ ಹೋಗುವುದು ನನ್ನ ಪದ್ಧತಿಯಾಯಿತು.

ಮೊದಲಿಗೆ ಆರಿಸಿಕೊಳ್ಳಬೇಕಾದದ್ದು ಹನ್ನೆರಡನೆಯ ಶತಮಾನದ ಕಲ್ಲುಗಳು. ಅವುಗಳ ಲಿಪಿ ಇಂದಿನದಕ್ಕೆ ಹತ್ತಿರವಿದೆ. ಹಲ್ಮಿಡಿಯ ಲಿಪಿಯಿಂದ ಶುರು ಮಾಡಿದವರು ಬೇಗ ಕೈಬಿಡುತ್ತಾರೆ. ಇನ್ನೊಂದು ಅನುಕೂಲವೆಂದರೆ ಈ ಶಾಸನಗಳಿಗೆ ಒಂದು ಚೌಕಟ್ಟಿದೆ. ಶೈವ ಶಾಸನಗಳು ಹೆಚ್ಚಾಗಿ 'ನಮಸ್ತುಂಗ ಶಿರಶ್ಚುಂಬಿ' ಎಂಬ ಶ್ಲೋಕದಿಂದಲೂ ಜೈನ ಶಾಸನಗಳು 'ಶ್ರೀಮತ್ಪರಮಗಂಭೀರ' ಎಂಬ ಶ್ಲೋಕದಿಂದಲೂ ಆರಂಭವಾಗುತ್ತವೆ. ದಾನವನ್ನು ಕಿತ್ತುಕೊಂಡವನಿಗೆ ಶಾಪ ಹಾಕುವ 'ಸ್ವದತ್ತಾಂ ಪರದತ್ತಾಂ ವಾ' ಕೊನೆಯಲ್ಲಿ ಬರುತ್ತದೆ. ಈ ಮೂರು ಶ್ಲೋಕಗಳನ್ನು ಬಾಯಿಪಾಠ ಮಾಡಿಕೊಂಡರೆ, ಕಲ್ಲಿನ ತಲೆ ಮತ್ತು ಬುಡದಲ್ಲಿ ಏನಿದೆಯೆಂಬುದು ಮೊದಲೇ ತಿಳಿದಿರುತ್ತದೆ, ಅಷ್ಟು ಅಕ್ಷರಗಳು ತಾವಾಗಿ ಪರಿಚಯವಾಗುತ್ತವೆ. ನನಗೆ ಬಹುಕಾಲ ತೊಡಕಾಗಿದ್ದವು ಪ, ವ, ಮ ಎಂಬ ಮೂರು. ಅವುಗಳನ್ನು ಒಂದೊಂದಾಗಿ ನೋಡುವುದನ್ನು ಬಿಟ್ಟು, 'ಪರಮ', 'ದೇವ', 'ಶ್ರೀಮತು' ಎಂಬ ಪದೇ ಪದೇ ಬರುವ ಶಬ್ದಗಳೊಳಗೆ ಇಟ್ಟು ನೋಡತೊಡಗಿದ ಮೇಲೆ ಗೊಂದಲ ಕಡಿಮೆಯಾಯಿತು.

ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯ ಬರಹಗಳನ್ನು ಕಲಿಯುವವರೆಲ್ಲರೂ ನೋಡಲೇಬೇಕು. ಚಾವುಂಡರಾಯನು ಮೂರ್ತಿಯನ್ನು ಮಾಡಿಸಿದನೆಂಬ ಚಿಕ್ಕ ವಾಕ್ಯವೂ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಸುತ್ತಾಲಯವನ್ನು ಕಟ್ಟಿಸಿದನೆಂಬ ವಾಕ್ಯವೂ ಅಲ್ಲಿವೆ. ಹೊಗಳಿಕೆಯ ಉದ್ದವಾದ ಪ್ರಶಸ್ತಿಯಿಲ್ಲ, ಬಿರುದುಗಳಿಲ್ಲ. ಕರ್ತೃ, ಕರ್ಮ, ಕ್ರಿಯಾಪದ ಅಷ್ಟೇ. ಹೊಸಬರಿಗೆ ಒಂದಿಡೀ ಶಾಸನವನ್ನು ತಾನೇ ಓದಿದೆನೆಂಬ ಧೈರ್ಯ ಬರುವುದು ಇಂಥ ಕಡೆ.

ಭೌತಶಾಸ್ತ್ರ ನನ್ನ ನೆರವಿಗೆ ಬಂದದ್ದು ಬೆಳಕಿನ ವಿಷಯದಲ್ಲಿ. ಹಾಸನದಿಂದ ಅರಸೀಕೆರೆಯ ಕಡೆಗೆ ಹೊರಟರೆ ಸಿಗುವ ಕೋರವಂಗಲದಲ್ಲಿ, ಇಮ್ಮಡಿ ಬಲ್ಲಾಳನ ಪಟ್ಟಾಭಿಷೇಕದ ವರ್ಷವಾದ 1173ರಲ್ಲಿ ಬೂಚಿಯೆಂಬ ಅಧಿಕಾರಿ ಕಟ್ಟಿಸಿದ ಬೂಚೇಶ್ವರ ದೇವಾಲಯವಿದೆ. ರಜಾ ದಿನಗಳಲ್ಲಿ ನಾನು ಹೆಚ್ಚಾಗಿ ಹೋಗುವುದು ಅಲ್ಲಿಗೇ. ನಡು ಮಧ್ಯಾಹ್ನದ ಬೆಳಕಿನಲ್ಲಿ ಸವೆದ ಕಲ್ಲನ್ನು ನೋಡಿದರೆ ಮೇಲ್ಮೈ ಚಪ್ಪಟೆಯಾಗಿ ಕಾಣುತ್ತದೆ. ಬೆಳಕು ಕಲ್ಲಿನ ಮೇಲ್ಮೈಗೆ ಬಹಳ ಓರೆಯಾಗಿ ಬಿದ್ದಾಗ ಮಾತ್ರ ಅಕ್ಷರಗಳು ಎದ್ದು ಬರುತ್ತವೆ. ಇದರ ಲೆಕ್ಕ ಸರಳ: ನೆರಳಿನ ಉದ್ದವೆಂದರೆ ಗೀರಿನ ಆಳವನ್ನು ಬೆಳಕಿನ ಕೋನದ ಟ್ಯಾಂಜೆಂಟ್‌ನಿಂದ ಭಾಗಿಸಿದಷ್ಟು. ಎರಡು ಮಿಲಿಮೀಟರ್ ಆಳದ ಗೀರಿಗೆ 45 ಡಿಗ್ರಿಯ ಬೆಳಕಿನಲ್ಲಿ 2 ಮಿಲಿಮೀಟರ್ ನೆರಳು. 10 ಡಿಗ್ರಿಗೆ ಇಳಿಸಿದರೆ ಸುಮಾರು 11 ಮಿಲಿಮೀಟರ್, ಅಂದರೆ ಗೀರು ಪೂರ್ತಿಯಾಗಿ ಕಪ್ಪಾಗುತ್ತದೆ. ಆದರೆ ಬೆಳಕು ಬರುವ ದಿಕ್ಕಿಗೆ ಸಮಾನಾಂತರವಾಗಿರುವ ಗೀರುಗಳಿಗೆ ನೆರಳೇ ಬೀಳುವುದಿಲ್ಲ. ಎಡದಿಂದ ಬೆಳಕು ಹಾಯಿಸಿದಾಗ ಅಡ್ಡ ಗೀರುಗಳು ಮಾಯವಾಗುತ್ತವೆ. ಆದ್ದರಿಂದ ಮೊಬೈಲನ್ನು ಒಂದೇ ಜಾಗದಲ್ಲಿ ಸ್ಥಿರವಾಗಿ ನಿಲ್ಲಿಸಿ, ಟಾರ್ಚನ್ನು ಮಾತ್ರ ಎಡ, ಬಲ, ಮೇಲೆ, ಕೆಳಗೆ ಎಂದು ಸರಿಸುತ್ತಾ ಒಂದೊಂದು ಚಿತ್ರ ತೆಗೆದುಕೊಳ್ಳುತ್ತೇನೆ. ನೆರಳಿರುವ ಜಾಗದಲ್ಲಿ ಹಗಲಿನಲ್ಲೂ ಇದು ಸಾಧ್ಯ. ಹಾಸ್ಟೆಲಿನಲ್ಲಿ ರಾತ್ರಿ ಆ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ, ಸ್ಥಳದಲ್ಲಿ ಕಾಣದ ಒತ್ತಕ್ಷರಗಳು ಕಾಣುತ್ತವೆ.

ಅಕ್ಷರ ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಹಚ್ಚುವುದು ಸರ್ವಥಾ ಕೂಡದು. ನಮ್ಮ ಕಡೆಯ ದೇವಾಲಯಗಳು ಬಳಪದ ಕಲ್ಲಿನವು. ಮೃದುವಾದ ಆ ಕಲ್ಲಿನಲ್ಲಿ ಒಂದು ಒರಟು ಉಜ್ಜುವಿಕೆಯೂ ಗುರುತು ಉಳಿಸುತ್ತದೆ. ಒದ್ದೆ ಕಾಗದವನ್ನು ಕಲ್ಲಿಗೆ ಕುಟ್ಟಿ ಮಸಿ ಹಚ್ಚಿ ಪಡಿಯಚ್ಚು ತೆಗೆಯುವ ವಿಧಾನ ತಜ್ಞರದು. ಸಂರಕ್ಷಿತ ಸ್ಮಾರಕಗಳಲ್ಲಿ ಅದಕ್ಕೆ ಇಲಾಖೆಯ ಅನುಮತಿ ಬೇಕು. ವಿದ್ಯಾರ್ಥಿಗೆ ಬೆಳಕು ಸಾಕು.

ಕಾಲೇಜಿನ ಓದನ್ನು ನಾನು ಕಡೆಗಣಿಸಿಲ್ಲ. ವಾರದ ದಿನಗಳು ಪ್ರಯೋಗಶಾಲೆ, ರೆಕಾರ್ಡು, ಪರೀಕ್ಷೆಗಳಿಗೇ ಮೀಸಲು. ಕೋರ್ಸ್ ಬದಲಿಸುವ ಮನಸ್ಸಿದೆಯೆಂದು ಈಗಿನ ಪದವಿಯನ್ನು ಅರೆಬರೆ ಮಾಡಿದರೆ ಎರಡೂ ಕಡೆ ನಷ್ಟವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮನೆಯಲ್ಲಿ ಬಿ.ಎಡ್. ಮಾಡಿ ಶಾಲೆಯಲ್ಲಿ ಗಣಿತ ಕಲಿಸಲಿ ಎಂಬ ಆಸೆಯಿತ್ತು. ಅವರ ಆತಂಕ ನ್ಯಾಯವಾದದ್ದು, ಏಕೆಂದರೆ ಶಾಸನ ಓದಿ ಬದುಕುವುದು ಹೇಗೆಂದು ನಮ್ಮೂರಿನಲ್ಲಿ ಕಂಡವರಿಲ್ಲ. ಆಗ ನಾನು ತಿಳಿದ ಸಂಗತಿಗಳನ್ನೇ ಮುಂದಿಟ್ಟೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲೇ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ 2021ರಿಂದ ಅಲ್ಲಿನ ಕಲ್ಲುಗಳನ್ನು ತ್ರಿ-ಡಿ ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿ ಕಾಪಾಡುವ ಕೆಲಸ ನಡೆಸುತ್ತಿದೆ. ಇಂಥ ಕೆಲಸಕ್ಕೆ ಹಳಗನ್ನಡವೂ ಬೇಕು, ಬೆಳಕು ಮತ್ತು ಅಳತೆಯ ತಿಳಿವಳಿಕೆಯೂ ಬೇಕು. ಎರಡೂ ಇರುವವರು ಹೆಚ್ಚಿಲ್ಲ. ತಂದೆಯವರು ಪೂರ್ತಿ ಒಪ್ಪದಿದ್ದರೂ, ಅರ್ಜಿ ಹಾಕು ಎಂದಿದ್ದಾರೆ.

ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ವಿಭಾಗ ನನ್ನ ಮೊದಲ ಆಯ್ಕೆ. ಬೇರೆ ವಿಷಯದ ಪದವೀಧರರು ಪ್ರವೇಶ ಅಧಿಸೂಚನೆಯಲ್ಲಿನ ಅರ್ಹತೆಯ ಭಾಗವನ್ನು ಆಯಾ ವರ್ಷವೇ ಓದಿಕೊಳ್ಳಬೇಕು, ಹಿಂದಿನ ವರ್ಷದವರ ಮಾತನ್ನು ನಂಬಿ ಕೂರಬಾರದು. ಪದವಿಯ ಆರಂಭದ ಸೆಮಿಸ್ಟರ್‌ಗಳಲ್ಲಿ ಮುಕ್ತ ಐಚ್ಛಿಕ ವಿಷಯವಾಗಿ ನಾನು ಇತಿಹಾಸವನ್ನೇ ತೆಗೆದುಕೊಂಡಿದ್ದೆ. ಸಂದರ್ಶನವಿದ್ದರೆ ಅದನ್ನು ತೋರಿಸಬಹುದು. ಅಲ್ಲಿಯವರೆಗೆ ಎರಡು ಕೆಲಸ ಬಾಕಿಯಿವೆ. ಶ್ಲೋಕಭಾಗಗಳಿಗೆ ಬೇಕಾದಷ್ಟು ಸಂಸ್ಕೃತ ಕಲಿಯಬೇಕು, ಸದ್ಯ ಸಂಧಿಗಳಲ್ಲಿ ನಿಂತಿದ್ದೇನೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಓರೆ ಬೆಳಕಿನ ಕೋನವನ್ನು ಬದಲಿಸುತ್ತಾ ಬಳಪದ ಕಲ್ಲಿನ ತುಂಡಿನ ಮೇಲಿನ ಗೀರುಗಳ ನೆರಳನ್ನು ಅಳೆಯುವ ವಿಷಯವನ್ನು ಸೂಚಿಸಿದ್ದೆ. ವಿಭಾಗದ ಅಧ್ಯಾಪಕರು ಅದಕ್ಕೆ ಒಪ್ಪಿಗೆ ಕೊಟ್ಟಿದ್ದು, ಮುಂದಿನ ವಾರ ಅಳತೆ ಶುರುವಾಗುತ್ತದೆ.