ಎಲೆ ತುದಿ ಸುಟ್ಟಾಗ ನಾನು ಬಿಸಿಲನ್ನು ಬೈದಿದ್ದೆ

ಕೋಲಾರದ ಡೂಂಲೈಟ್ ವೃತ್ತದ ಹತ್ತಿರ, ಮೊದಲ ಮಹಡಿಯಲ್ಲಿ ನಮ್ಮ ಲೆಕ್ಕಪತ್ರದ ಆಫೀಸು. ಒಂಬತ್ತು ಜನ, ಇಪ್ಪತ್ತಮೂರು ಕುಂಡ. ಗಿಡ ನೋಡಿಕೊಳ್ಳುವ ಕೆಲಸವನ್ನು ನನಗೆ ಯಾರೂ ಒಪ್ಪಿಸಲಿಲ್ಲ, ಆಸೆಯಿಂದ ನಾನೇ ಹಚ್ಚಿಕೊಂಡದ್ದು. ಮೂರು ವರ್ಷದ ಹಿಂದೆ ಈ ಕಟ್ಟಡಕ್ಕೆ ಬಂದಾಗ ನರ್ಸರಿಗೆ ಹೋಗಿ ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ತಂದೆ. ನಾಲ್ಕು ಸ್ಪೈಡರ್ ಪ್ಲಾಂಟ್, ಆಳೆತ್ತರದ ಎರಡು ಡ್ರಸೀನಾ, ಒಂದಿಷ್ಟು ಮನಿ ಪ್ಲಾಂಟ್. ಪೂಜೆಗೆ ಬಂದವರೊಬ್ಬರು ಗಾಜಿನ ಲೋಟದಲ್ಲಿ ಲಕ್ಕಿ ಬ್ಯಾಂಬೂ ಕೊಟ್ಟು ಹೋದರು.

ಎರಡು ತಿಂಗಳು ತುಂಬುವಷ್ಟರಲ್ಲಿ ಸ್ಪೈಡರ್ ಪ್ಲಾಂಟಿನ ಎಲೆ ತುದಿಗಳು ಕಂದು ಬಣ್ಣಕ್ಕೆ ತಿರುಗಿದವು. ಡ್ರಸೀನಾದ ಎಲೆಗಳಿಗೂ ಅದೇ ಗತಿ. ಬಿಸಿಲು ಜಾಸ್ತಿಯಾಯಿತೆಂದು ಕಿಟಕಿಯಿಂದ ದೂರ ಸರಿಸಿದೆ. ನೀರು ಸಾಲದೇನೋ ಎಂದು ದಿನಾ ಹಾಕಿದೆ. ಊರಿನಿಂದ ಒಂದು ಹಿಡಿ ಸೂಪರ್ ಫಾಸ್ಫೇಟ್ ತಂದು ಬುಡಕ್ಕೆ ಉದುರಿಸಿದೆ. ಒಂದೊಂದು ಉಪಚಾರಕ್ಕೂ ಸುಟ್ಟ ಭಾಗ ಇನ್ನಷ್ಟು ಒಳಕ್ಕೆ ಹೋಯಿತು. ಲಕ್ಕಿ ಬ್ಯಾಂಬೂ ಹಳದಿಯಾಗಿ ಕೊಳೆತು ಹೋಯಿತು.

ಒಂದು ದಿನ ಕಾಗದ ಪತ್ರದ ಕೆಲಸಕ್ಕೆ ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಬಂದಿದ್ದರು. ಕಾಯುತ್ತ ಕೂತವರು ಎಲೆ ಮುಟ್ಟಿ ನೋಡಿ, "ಯಾವ ನೀರು ಹಾಕ್ತೀರಮ್ಮಾ?" ಅಂದರು. ಬೋರ್‌ವೆಲ್ ನೀರು ಸಾರ್ ಅಂದೆ. "ನಮ್ಮ ಕಡೆ ಮಕ್ಕಳ ಹಲ್ಲು ನೋಡಿಲ್ವಾ? ಅಲ್ಲಿ ಆಗಿರೋದೇ ಇಲ್ಲೂ ಆಗಿರೋದು" ಅಂದರು.

ನನಗೆ ಗಂಟಲು ಕಟ್ಟಿತು. ನನ್ನ ಅಣ್ಣನ ಹಲ್ಲಿನ ಮೇಲಿನ ಕಂದು ಕಲೆಗಳನ್ನು ನೋಡುತ್ತಲೇ ಬೆಳೆದವಳು ನಾನು. ಕೋಲಾರ, ಚಿಕ್ಕಬಳ್ಳಾಪುರದ ಅಂತರ್ಜಲದಲ್ಲಿ ಹಲ್ಲಿಗೆ ಇಂಥ ಕಲೆ ತರುವ ಫ್ಲೋರೈಡ್ ಇದೆ ಎಂದು ಗೊತ್ತಿತ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದೂ ಗೊತ್ತಿತ್ತು. ಗಿಡಕ್ಕೂ ಅದು ತಟ್ಟುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ಬೇರು ಹೀರಿದ ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಅದು ನೀರಿನ ಜೊತೆ ಎಲೆಯ ತುದಿ, ಅಂಚಿನವರೆಗೆ ಬಂದು ಅಲ್ಲೇ ಸೇರಿಕೊಂಡು ಜೀವಕೋಶಗಳನ್ನು ಕೊಲ್ಲುತ್ತದೆ. ಸ್ಪೈಡರ್ ಪ್ಲಾಂಟ್ ಮತ್ತು ಡ್ರಸೀನಾ ಇದಕ್ಕೆ ಬೇಗ ಸೋಲುವ ಗಿಡಗಳು. ಲಕ್ಕಿ ಬ್ಯಾಂಬೂ ಹೆಸರಿಗೆ ಬಿದಿರು, ಜಾತಿಯಲ್ಲಿ ಅದೂ ಡ್ರಸೀನಾ. ನಾನು ಉದುರಿಸಿದ್ದ ಸೂಪರ್ ಫಾಸ್ಫೇಟಿನಲ್ಲೂ ಫ್ಲೋರೈಡ್ ಇರುತ್ತದೆ. ಬಕೆಟ್ಟಿನಲ್ಲಿ ರಾತ್ರಿಯಿಡೀ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಫ್ಲೋರೈಡ್ ಹಾರುವುದಿಲ್ಲ. ಕುದಿಸಿದರೆ ನೀರು ಕಡಿಮೆಯಾಗಿ ಉಳಿದ ನೀರಿನಲ್ಲಿ ಫ್ಲೋರೈಡಿನ ಪ್ರಮಾಣ ಇನ್ನೂ ಹೆಚ್ಚುತ್ತದೆ.

ಆದರೂ ನಾನೇ ನೋಡಬೇಕೆನಿಸಿತು. ಒಂದೇ ಗಾತ್ರದ ಎರಡು ಸ್ಪೈಡರ್ ಪ್ಲಾಂಟ್ ಒಂದೇ ಕಿಟಕಿಯಲ್ಲಿಟ್ಟೆ. ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ನಾಣ್ಯ ಹಾಕಿ ತರುವ ಶುದ್ಧ ನೀರಿನ ಘಟಕದ ಆರ್‌ಒ ನೀರು. ಆರ್‌ಒ ಕುಂಡಕ್ಕೆ ಮೊದಲ ದಿನವೇ ಮೂರು ಸಲ, ಕೆಳಗಿನ ತೂತಿನಿಂದ ಧಾರಾಳವಾಗಿ ಇಳಿದು ಹೋಗುವಷ್ಟು ಸುರಿದು ಮಣ್ಣಿನಲ್ಲಿ ಸೇರಿಕೊಂಡಿದ್ದ ಹಳೆಯ ಲವಣ ತೊಳೆದೆ. ಒಂಬತ್ತನೇ ವಾರಕ್ಕೆ ಅದರ ಹೊಸ ಎಲೆಗಳು ತುದಿಯವರೆಗೆ ಹಸಿರಾಗಿದ್ದವು. ಸುಟ್ಟ ತುದಿ ಮಾತ್ರ ಮತ್ತೆ ಹಸಿರಾಗುವುದಿಲ್ಲ, ಅದನ್ನು ಕತ್ತರಿಯಿಂದ ಎಲೆಯ ಆಕಾರಕ್ಕೆ ಓರೆಯಾಗಿ ಕತ್ತರಿಸಿಬಿಡುತ್ತೇನೆ.

ಹಾಗಂತ ಎಲ್ಲ ಕುಂಡಕ್ಕೂ ಆರ್‌ಒ ನೀರು ಹಾಕಲು ಮನಸ್ಸು ಒಪ್ಪಲಿಲ್ಲ. ನೀರಿಗಾಗಿ ಇಷ್ಟು ಬಳಲಿದ ಜಿಲ್ಲೆಯಲ್ಲಿ ಕುಡಿಯುವ ನೀರನ್ನು ಅಲಂಕಾರಕ್ಕೆ ಸುರಿಯುವುದೇ? ದಾರಿ ಆಫೀಸಿನ ಗೋಡೆಯಲ್ಲೇ ಇತ್ತು. ಎಸಿಯಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವ ತಣಿದು ಆದದ್ದು, ಅದರಲ್ಲಿ ಫ್ಲೋರೈಡೂ ಇಲ್ಲ, ಗಡಸೂ ಇಲ್ಲ. ಪೈಪಿನ ಬಾಯಿಗೆ ಬಕೆಟ್ ಇಟ್ಟೆವು. ಎಸಿ ನಡೆಯದ ತಿಂಗಳುಗಳಲ್ಲಿ ತಾರಸಿಯ ಮಳೆ ನೀರು ಹಿಡಿಯುತ್ತೇವೆ, ಎರಡೂ ಇಲ್ಲದಾಗ ಮಾತ್ರ ಆರ್‌ಒ ಕ್ಯಾನು.

ನೀರಿನ ವಿಷಯ ತಿಳಿದ ಮೇಲೆ ಗಿಡ ಆರಿಸುವ ಕ್ರಮವೇ ಬದಲಾಯಿತು. ಬೋರ್‌ವೆಲ್ ನೀರನ್ನೇ ಹಾಕಬೇಕಾದ ಜಾಗಕ್ಕೆ ಮನಿ ಪ್ಲಾಂಟ್, ಝಡ್‌ಝಡ್ ಗಿಡ, ಸ್ನೇಕ್ ಪ್ಲಾಂಟ್. ಸ್ನೇಕ್ ಪ್ಲಾಂಟನ್ನು ಸಸ್ಯಶಾಸ್ತ್ರಜ್ಞರು 2017ರಲ್ಲಿ ಡ್ರಸೀನಾ ಕುಲಕ್ಕೇ ಸೇರಿಸಿದ್ದಾರೆ. ಆದರೂ ನಮ್ಮಲ್ಲಿ ಅದರ ಎಲೆ ಸುಟ್ಟಿಲ್ಲ.

ಬೆಳಕು ನೋಡಲು ನನ್ನ ಕೈ ಸಾಕು. ಬೆಳಗ್ಗೆ ಹನ್ನೊಂದಕ್ಕೆ ಟ್ಯೂಬ್‌ಲೈಟ್ ಆರಿಸಿ, ಗಿಡ ಇಡುವ ಜಾಗದಲ್ಲಿ ಅಂಗೈ ಹಿಡಿಯುತ್ತೇನೆ. ಬೆರಳುಗಳು ಬೇರೆಬೇರೆ ಕಾಣುವಂಥ ನೆರಳು ಬಿದ್ದರೆ ಸ್ಪೈಡರ್ ಪ್ಲಾಂಟ್, ಮಸುಕು ನೆರಳಿದ್ದರೆ ಮನಿ ಪ್ಲಾಂಟ್. ನೆರಳೇ ಬೀಳದ ಫೈಲು ರೂಮಿನಲ್ಲಿ ಝಡ್‌ಝಡ್ ಮಾತ್ರ, ಅದನ್ನೂ ತಿಂಗಳಿಗೊಮ್ಮೆ ಕಿಟಕಿಯ ಗಿಡದೊಂದಿಗೆ ಅದಲುಬದಲು ಮಾಡುತ್ತೇನೆ. ಅದರ ಗೆಡ್ಡೆಯಲ್ಲಿ ನೀರಿರುತ್ತದೆ, ಮೂರು ವಾರ ಮರೆತರೂ ತಡೆಯುತ್ತದೆ.

ನರ್ಸರಿ ಕವರಿನ ಮಣ್ಣು ಬರೀ ಅಂಟು ಕೆಮ್ಮಣ್ಣಾದರೆ ತಂದ ಎರಡು ವಾರಕ್ಕೆ ಬದಲಾಯಿಸುತ್ತೇನೆ. ಒಂದು ಪಾಲು ಕೆಮ್ಮಣ್ಣು, ಎರಡು ಪಾಲು ತೊಳೆದ ತೆಂಗಿನ ನಾರಿನ ಪುಡಿ, ಅರ್ಧರ್ಧ ಪಾಲು ದಪ್ಪ ಮರಳು ಮತ್ತು ಎರೆಗೊಬ್ಬರ. ಬಿಳಿ ಹಿಟ್ಟಿನಂತೆ ಅಂಟಿಕೊಳ್ಳುವ ಹಿಟ್ಟುತಿಗಣೆ ಹುಳು ಬಂದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು ಸೇರಿಸಿ ಸಂಜೆ ಎಲ್ಲರೂ ಹೊರಟ ಮೇಲೆ ಸಿಂಪಡಿಸುತ್ತೇನೆ. ಮನಿ ಪ್ಲಾಂಟಿನ ಎಲೆ ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಮಕ್ಕಳನ್ನು ಕರೆದುಕೊಂಡು ಬರುವವರು ಇರುವುದರಿಂದ ಅದು ಕಪಾಟಿನ ಮೇಲೆಯೇ.

ಆಫೀಸಿನಲ್ಲಿ ಗಿಡ ಒಣಗುವುದಕ್ಕಿಂತ ಕೊಳೆಯುವುದೇ ಹೆಚ್ಚು. ಪ್ರೀತಿಯಿಂದ ಪ್ರತಿಯೊಬ್ಬರೂ ಬಾಟಲಿಯಲ್ಲಿ ಉಳಿದದ್ದನ್ನು ಸುರಿಯುತ್ತಾರೆ. ಅದಕ್ಕೇ ಈಗ ನೀರು ಹಾಕುವವರು ಇಬ್ಬರೇ, ನಾನು ಮತ್ತು ನಮ್ಮ ಅಟೆಂಡರ್ ಅಕ್ಕ. ಅವರು ಮಣ್ಣಿಗೆ ಬೆರಳೂ ಇಡುವುದಿಲ್ಲ. ಕುಂಡ ಎತ್ತಿ ನೋಡಿ, ಹಗುರಾಗಿದ್ದರೆ ಎಸಿ ಬಕೆಟ್ಟಿನಿಂದ ಒಂದು ಚೊಂಬು ಹಾಕುತ್ತಾರೆ. ಹೋದ ವಾರ ಅವರೇ ಸ್ಪೈಡರ್ ಪ್ಲಾಂಟಿನ ಆರು ಮರಿಗಳನ್ನು ಬಿಡಿಸಿ ಚಿಕ್ಕ ಕುಂಡಗಳಿಗೆ ನೆಟ್ಟರು. ಎರಡನ್ನು ಮಗಳ ಶಾಲೆಗೆ ಕಳಿಸುವಾಗ ಜೊತೆಗೆ ಒಂದು ಚೀಟಿ ಅಂಟಿಸಿದರು: "ಬೋರ್ ನೀರು ಬೇಡ."