ಒಂದು ರಾತ್ರಿಯ ಆಟ, 800 ಫೋಟೊ, ಒಂದು ಆಕ್ಷನ್

ಮಂದಾರ್ತಿ ಕಡೆಯ ಯಕ್ಷಗಾನದ ಹರಕೆ ಆಟವೊಂದನ್ನು ಚೌಕಿಯ (ಕಲಾವಿದರು ವೇಷ ಕಟ್ಟುವ ಜಾಗ) ಬಣ್ಣಗಾರಿಕೆಯಿಂದ ಹಿಡಿದು ಬೆಳಗಿನ ಮಂಗಳದವರೆಗೆ ತೆಗೆದರೆ, ಆಗದ್ದನ್ನೆಲ್ಲ ಅಳಿಸಿದ ಮೇಲೂ 800 ಫೋಟೊ ಉಳಿಯುತ್ತವೆ. ಅಷ್ಟನ್ನೂ ಚಿಕ್ಕದು ಮಾಡಿ, ಶಾರ್ಪ್ ಮಾಡಿ, ಮೂಲೆಗೆ ಸ್ಟುಡಿಯೊದ ಲೋಗೋ ಕೂರಿಸಿ ಕೊಡಬೇಕು. ಒಂದಕ್ಕೆ ಒಂದೂವರೆ ನಿಮಿಷ ಹಿಡಿದರೂ ಒಟ್ಟು 20 ಗಂಟೆ. ಫೋಟೊಶಾಪ್‌ನ ಆಕ್ಷನ್ (ಒಮ್ಮೆ ಮಾಡಿದ ಹೆಜ್ಜೆಗಳನ್ನು ದಾಖಲಿಸಿಟ್ಟು ಮತ್ತೆ ಮಾಡುವುದು) ಮತ್ತು ಬ್ಯಾಚ್ (ಆ ಆಕ್ಷನನ್ನು ಇಡೀ ಫೋಲ್ಡರ್ ಮೇಲೆ ಓಡಿಸುವುದು) ಬಳಸಿ ಇದನ್ನು ನಾನು ಮಾಡುವ ಕ್ರಮ ಇಲ್ಲಿದೆ.

ಮೊದಲ ಕೆಲಸ ರೆಕಾರ್ಡ್ ಒತ್ತುವುದಲ್ಲ, ಫೋಟೊಗಳನ್ನು ಬೆಳಕಿನ ಪ್ರಕಾರ ಬೇರೆ ಮಾಡುವುದು. ಆಕ್ಷನ್ ಫೋಟೊ ನೋಡಿ ಕೆಲಸ ಮಾಡುವುದಿಲ್ಲ; ನಾವು ಒತ್ತಿದ್ದನ್ನೇ ಮತ್ತೆ ಒತ್ತುತ್ತದೆ. ಚೌಕಿಯ ಹಳದಿ ಬಲ್ಬು, ರಂಗಸ್ಥಳದ ಎಲ್‌ಇಡಿ, ಬೆಳಗಿನ ಜಾವದ ನೀಲಿ ಬೆಳಕು, ಈ ಮೂರಕ್ಕೂ ಬೇರೆ ಬೇರೆ ಫೋಲ್ಡರ್ ಬೇಕು. ಬಣ್ಣವನ್ನು ನಾನು ಆಕ್ಷನ್ ಒಳಗೆ ಹಾಕುವುದೇ ಇಲ್ಲ. ಫೋಟೊಶಾಪ್ ಜತೆಗೇ ಬರುವ, ಬಣ್ಣ ಬೆಳಕು ತಿದ್ದುವ ಕ್ಯಾಮರಾ ರಾ ಒಳಗೆ ಒಂದು ಗುಂಪಿನ ಒಂದು ಫೋಟೊ ಸರಿಮಾಡಿ, ಉಳಿದವನ್ನು ಆಯ್ದು ಸಿಂಕ್ ಕೊಡುತ್ತೇನೆ; ಅದೇ ತಿದ್ದುಪಡಿ ಎಲ್ಲಕ್ಕೂ ಆಗುತ್ತದೆ.

ಆಟೊ ಟೋನ್, ಆಟೊ ಕಲರ್ ಎರಡನ್ನೂ ಆಕ್ಷನ್‌ಗೆ ಸೇರಿಸಬೇಡಿ. ಅವು ಪ್ರತಿ ಫೋಟೊವನ್ನೂ ಹೊಸದಾಗಿ ಲೆಕ್ಕ ಹಾಕುತ್ತವೆ. ಯಕ್ಷಗಾನದಲ್ಲಿ ಹಿನ್ನೆಲೆ ಕತ್ತಲು, ಎದುರಿಗೆ ವೇಷದ ಕೆಂಪು ಅಂಗಿ, ಅಂದರೆ ದಗಲೆ. ಬಣ್ಣದ ವೇಷವೊಂದು (ರಾಕ್ಷಸ ಪಾತ್ರ) ಚೌಕಟ್ಟು ತುಂಬಿದರೆ ಆಟೊ ಕಲರ್ ಆ ಕೆಂಪನ್ನೇ ದೋಷವೆಂದು ತಿಳಿದು ಕಳೆಯಲು ಹೋಗುತ್ತದೆ, ಮುಖದ ಮೇಲೆ ಹಸಿರು ಛಾಯೆ ಬರುತ್ತದೆ. ಮುಂದಿನ ಫೋಟೊದಲ್ಲಿ ಅದೇ ವೇಷ ದೂರದಲ್ಲಿದ್ದರೆ ಬಣ್ಣ ಸರಿಯಾಗಿಯೇ ಇರುತ್ತದೆ. ಆಲ್ಬಮ್‌ನಲ್ಲಿ ಎರಡೂ ಅಕ್ಕಪಕ್ಕ ಬಂದಾಗ ಆ ವ್ಯತ್ಯಾಸವನ್ನು ಮುಚ್ಚಲು ಬರುವುದಿಲ್ಲ.

ಇಬ್ಬರು ಸೇರಿ ತೆಗೆದಿದ್ದರೆ ಅಡೋಬ್‌ನದೇ ಫೈಲ್ ನೋಡುವ ತಂತ್ರಾಂಶ ಬ್ರಿಡ್ಜ್‌ನಲ್ಲಿ ಬ್ಯಾಚ್ ರೀನೇಮ್ ಮಾಡಿಯೇ ಮುಂದೆ ಹೋಗಬೇಕು. ಎರಡು ಕ್ಯಾಮರಾಗಳಲ್ಲೂ ಒಂದೇ ಅಂಕಿಯ ಫೈಲ್ ಇರಬಹುದು; ಒಂದೇ ಹೆಸರಿನ ಎರಡು ಫೈಲ್ ಒಂದೇ ಫೋಲ್ಡರ್‌ನಲ್ಲಿ ಉಳಿಯಲಾರವು.

ಈಗ ರೆಕಾರ್ಡಿಂಗ್. ಆಲ್ಟ್ ಮತ್ತು ಎಫ್9 ಒತ್ತಿದರೆ ಆಕ್ಷನ್ಸ್ ಪ್ಯಾನೆಲ್ ತೆರೆಯುತ್ತದೆ. ಹೊಸ ಸೆಟ್, ಅದರೊಳಗೆ ಹೊಸ ಆಕ್ಷನ್. ಮಾದರಿ ಫೋಟೊವನ್ನು ರೆಕಾರ್ಡ್ ಒತ್ತುವ ಮೊದಲೇ ತೆರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಆ ಫೈಲ್ ತೆರೆದದ್ದೂ ಒಂದು ಹೆಜ್ಜೆಯಾಗಿ ಸೇರಿಕೊಳ್ಳುತ್ತದೆ.

ನನ್ನ ಮೊದಲ ಹೆಜ್ಜೆ ಇಮೇಜ್ ಸೈಜ್‌ನಲ್ಲಿ ರೀಸ್ಯಾಂಪಲ್ ಎಂಬುದರ ಗುರುತು ತೆಗೆದು ರೆಸಲ್ಯೂಶನ್ 300 ಮಾಡುವುದು. ಇದರಿಂದ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ, ಆದರೂ ಬಿಡುವಂತಿಲ್ಲ. ಕಾರಣ ಲೋಗೋ ವಿಷಯದಲ್ಲಿ ಬರುತ್ತದೆ. ಆಮೇಲೆ ಕನ್ವರ್ಟ್ ಟು ಪ್ರೊಫೈಲ್‌ನಲ್ಲಿ ಎಸ್‌ಆರ್‌ಜಿಬಿ. ಒಂದು ಕ್ಯಾಮರಾ ಅಡೋಬ್ ಆರ್‌ಜಿಬಿಯಲ್ಲಿದ್ದು ಹಾಗೆಯೇ ಕಳಿಸಿದರೆ ಹಲವು ಫೋನ್‌ಗಳಲ್ಲಿ ಕಿರೀಟದ ಚಿನ್ನದ ಬಣ್ಣ ಸಪ್ಪೆಯಾಗುತ್ತದೆ. ಪಕ್ಕದಲ್ಲೇ ಇರುವ ಅಸೈನ್ ಪ್ರೊಫೈಲ್ ಒತ್ತಬೇಡಿ. ಅದು ಬಣ್ಣವನ್ನು ಪರಿವರ್ತಿಸುವುದಿಲ್ಲ, ಫೈಲ್‌ನಲ್ಲಿರುವ ಬಣ್ಣದ ಅಂಕಿಗಳಿಗೆ ಬೇರೆ ಅರ್ಥ ಕೊಡುತ್ತದೆ ಅಷ್ಟೆ.

ಚಿಕ್ಕದು ಮಾಡಲು ಇಮೇಜ್ ಸೈಜ್ ಬಳಸಿ ಅಗಲ 2048 ಎಂದು ಕೊಟ್ಟರೆ ಅಡ್ಡ ಫೋಟೊ ಸರಿ, ಉದ್ದ ಫೋಟೊದ ಎತ್ತರ 3072 ಆಗುತ್ತದೆ. ಫೈಲ್, ಆಟೊಮೇಟ್, ಫಿಟ್ ಇಮೇಜ್‌ಗೆ ಹೋಗಿ ಎರಡೂ ಕಡೆ 2048 ಕೊಡಿ. ಅಡ್ಡವಿರಲಿ, ಉದ್ದವಿರಲಿ, ದೊಡ್ಡ ಬದಿ 2048ಕ್ಕೆ ನಿಲ್ಲುತ್ತದೆ. ಶಾರ್ಪ್ ಇದರ ನಂತರವೇ: ಅನ್‌ಶಾರ್ಪ್ ಮಾಸ್ಕ್, ಅಮೌಂಟ್ 80, ರೇಡಿಯಸ್ 0.6, ಥ್ರೆಶೋಲ್ಡ್ 3. ಹೆಚ್ಚು ಐಎಸ್‌ಒದಲ್ಲಿ ತೆಗೆದವಕ್ಕೆ ಥ್ರೆಶೋಲ್ಡ್ 6ರವರೆಗೆ ಏರಿಸುತ್ತೇನೆ, ಇಲ್ಲದಿದ್ದರೆ ಕಪ್ಪು ಹಿನ್ನೆಲೆಯ ಕಾಳುಕಾಳು ಎದ್ದು ಕಾಣುತ್ತದೆ.

ಹೆಚ್ಚಿನವರ ಆಕ್ಷನ್ ಕೆಡುವುದು ಲೋಗೋದಲ್ಲಿ. ಪ್ಲೇಸ್ ಎಂಬೆಡೆಡ್‌ನಿಂದ ಲೋಗೋ ತಂದು ಮೌಸ್‌ನಿಂದ ಮೂಲೆಗೆ ಎಳೆದರೆ, ನಡುವಿನಿಂದ ಎಷ್ಟು ಪಿಕ್ಸೆಲ್ ಸರಿಯಿತು ಎಂಬುದೇ ದಾಖಲಾಗುತ್ತದೆ. ಅಡ್ಡ ಫೋಟೊದಲ್ಲಿ ಹಾಗೆ ದಾಖಲಾದದ್ದು ಉದ್ದ ಫೋಟೊದಲ್ಲಿ ಚೌಕಟ್ಟಿನ ಹೊರಗೆ ಹೋಗುತ್ತದೆ. ಆದ್ದರಿಂದ ತಂದ ಲೋಗೋವನ್ನು ಮುಟ್ಟದೆ ಎಂಟರ್ ಒತ್ತಿ. ಕಂಟ್ರೋಲ್ ಎ ಒತ್ತಿ ಇಡೀ ಫೋಟೊ ಆಯ್ದುಕೊಂಡು, ಮೂವ್ ಟೂಲ್‌ನ ಮೇಲ್ಪಟ್ಟಿಯಲ್ಲಿ ಬಲ ಅಂಚಿಗೆ, ಮತ್ತೆ ಕೆಳ ಅಂಚಿಗೆ ಅಲೈನ್ ಮಾಡಿ. ಕಂಟ್ರೋಲ್ ಡಿ. ಆಮೇಲೆ ಶಿಫ್ಟ್ ಹಿಡಿದು ಎಡ ಬಾಣ ನಾಲ್ಕು ಸಲ, ಮೇಲಿನ ಬಾಣ ನಾಲ್ಕು ಸಲ. ಪ್ಯಾನೆಲ್‌ನಲ್ಲಿ ಮೂವ್ ಹೆಜ್ಜೆಯ ಪಕ್ಕದ ಬಾಣದ ಗುರುತು ಬಿಚ್ಚಿ, 40 ಪಿಕ್ಸೆಲ್ ಎಂದೇ ದಾಖಲಾಗಿದೆಯೇ ನೋಡಿಕೊಳ್ಳಿ.

ರೆಸಲ್ಯೂಶನ್ 300 ಮಾಡಿದ್ದು ಇದಕ್ಕಾಗಿ: ಪ್ಲೇಸ್ ಮಾಡುವಾಗ ಫೋಟೊಶಾಪ್ ಲೋಗೋದ ರೆಸಲ್ಯೂಶನ್ ಮತ್ತು ಫೋಟೊದ ರೆಸಲ್ಯೂಶನ್ ಎರಡನ್ನೂ ಹೋಲಿಸಿ ಗಾತ್ರ ಹಾಕುತ್ತದೆ. ಒಂದು ಫೋಟೊ 72, ಇನ್ನೊಂದು 300 ಇದ್ದರೆ ಒಂದರಲ್ಲಿ ಲೋಗೋ ಚುಕ್ಕಿಯಷ್ಟು, ಇನ್ನೊಂದರಲ್ಲಿ ಅದರ ನಾಲ್ಕು ಪಟ್ಟು. ಲೋಗೋ ಫೈಲನ್ನೂ 300ರಲ್ಲೇ ಸೇವ್ ಮಾಡಿಡಿ, ಮತ್ತೆ ಅದರ ಜಾಗ ಬದಲಿಸಬೇಡಿ. ಆಕ್ಷನ್ ಅದರ ಪೂರ್ತಿ ವಿಳಾಸವನ್ನು ನೆನಪಿಟ್ಟಿರುತ್ತದೆ. ಫೋಲ್ಡರ್ ಹೆಸರು ಬದಲಾದರೂ ಸಿಗುವುದಿಲ್ಲ.

ಕೊನೆಗೆ ಫ್ಲಾಟನ್ ಇಮೇಜ್, ಸೇವ್ ಆ್ಯಸ್, ಜೆಪೆಗ್, ಕ್ವಾಲಿಟಿ 10, ಕ್ಲೋಸ್, ಸ್ಟಾಪ್. ಸೇವ್ ಆ್ಯಸ್‌ನಲ್ಲಿ ಫೈಲ್ ಹೆಸರಿನ ಜಾಗಕ್ಕೆ ಕೈ ಹಾಕಬೇಡಿ. ಅಲ್ಲಿ ಏನಾದರೂ ಬರೆದರೆ ಆ ಹೆಸರೂ ದಾಖಲಾಗುತ್ತದೆ.

ಓಡಿಸುವುದು ಫೈಲ್, ಆಟೊಮೇಟ್, ಬ್ಯಾಚ್‌ನಿಂದ. ಡೆಸ್ಟಿನೇಶನ್‌ನಲ್ಲಿ ಬೇರೆ ಫೋಲ್ಡರ್ ಕೊಟ್ಟು ಓವರ್‌ರೈಡ್ ಸೇವ್ ಆ್ಯಸ್ ಗುರುತು ಹಾಕಬೇಕು. ಆಕ್ಷನ್‌ನಲ್ಲಿ ಸೇವ್ ಆ್ಯಸ್ ಇಲ್ಲದೆ ಈ ಗುರುತು ಹಾಕಿದರೆ ಒಂದು ಫೋಟೊವೂ ಸೇವ್ ಆಗುವುದಿಲ್ಲ. ಸೇವ್ ಆ್ಯಂಡ್ ಕ್ಲೋಸ್ ಎಂಬುದನ್ನು ಆಯ್ದರೆ ಮೂಲ ಫೋಟೊಗಳ ಮೇಲೆಯೇ 2048ರದ್ದು ಬರೆದುಬಿಡುತ್ತದೆ, ಹಿಂದೆ ತರಲು ದಾರಿಯಿಲ್ಲ. ಎರರ್ಸ್ ಎಂಬಲ್ಲಿ ಲಾಗ್ ಎರರ್ಸ್ ಟು ಫೈಲ್ ಇಡಿ. ಒಂದು ಕೆಟ್ಟ ಫೈಲ್‌ಗಾಗಿ ಇಡೀ ಕೆಲಸ ನಡುವೆ ನಿಲ್ಲಬಾರದು. 800 ಓಡಿಸುವ ಮೊದಲು ಐದನ್ನು ಓಡಿಸಿ: ಒಂದು ಅಡ್ಡ, ಒಂದು ಉದ್ದ, ಎರಡನೇ ಕ್ಯಾಮರಾದ್ದೊಂದು, ಮೊದಲೇ ಕ್ರಾಪ್ ಮಾಡಿದ್ದೊಂದು, ತೀರ ಕತ್ತಲಿನದ್ದೊಂದು. ಬರೀ ಗಾತ್ರ ಬದಲಿಸಿ ಜೆಪೆಗ್ ಮಾಡುವುದಾದರೆ ಇಷ್ಟೆಲ್ಲ ಬೇಡ, ಫೈಲ್, ಸ್ಕ್ರಿಪ್ಟ್ಸ್ ಕೆಳಗಿನ ಇಮೇಜ್ ಪ್ರೊಸೆಸರ್ ಸಾಕು.

ರಾತ್ರಿ ಕಂಬಳದ ಫೋಟೊಗಳಿಗೆ ಮಾತ್ರ ಬಣ್ಣದ ಸಿಂಕ್ ಕೂಡ ಕೈಕೊಡುತ್ತದೆ. 50 ಹರ್ಟ್ಸ್ ಕರೆಂಟಿನಲ್ಲಿ ಮೆಟಲ್ ಹ್ಯಾಲೈಡ್ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಜತೆಗೆ ಬಣ್ಣವೂ ಬದಲಾಗುತ್ತದೆ. ಕೋಣಗಳ ಓಟಕ್ಕೆ 1/1000 ಶಟರ್ ಇಟ್ಟರೆ ಒಂದು ಏರಿಳಿತದ ಹತ್ತನೇ ಒಂದು ಭಾಗವಷ್ಟೇ ಸಿಗುತ್ತದೆ. ಹಾಗಾಗಿ ಒಂದೇ ಓಟದ ಎರಡು ಫೋಟೊಗಳಲ್ಲಿ ಕೆಸರಿನ ಬಣ್ಣ ಎರಡು ರೀತಿ. ಕ್ಯಾಮರಾದಲ್ಲಿ ಆ್ಯಂಟಿ ಫ್ಲಿಕರ್ ಇದ್ದರೆ ಹಾಕಿ ತೆಗೆಯಿರಿ, ಇಲ್ಲದಿದ್ದರೆ ವೈಟ್ ಬ್ಯಾಲೆನ್ಸ್ ಒಂದೊಂದಾಗಿಯೇ ಸರಿಮಾಡಿ ಆಮೇಲೆ ಬ್ಯಾಚ್‌ಗೆ ಕೊಡಿ.

ಎಲ್ಲ ಸರಿಬಂದ ಮೇಲೆ ಪ್ಯಾನೆಲ್ ಮೆನುವಿನ ಸೇವ್ ಆಕ್ಷನ್ಸ್‌ನಿಂದ ಸೆಟ್ಟನ್ನು ಎಟಿಎನ್ ಫೈಲ್ ಆಗಿ ಪೆನ್‌ಡ್ರೈವ್‌ಗೆ ಹಾಕಿಡಿ. ಆ ಸಾಲು ಮಸುಕಾಗಿದ್ದರೆ ನೀವು ಆಕ್ಷನ್ ಆಯ್ದಿದ್ದೀರಿ. ಅದರ ಮೇಲಿನ ಸೆಟ್ ಹೆಸರನ್ನು ಒತ್ತಿ.