ತೊಟ್ಟಿಗೆ ಪಟ್ಟಿ ಸಾಲದು, ತೊಟ್ಟಿಲು ಬೇಕು

ಹೊಳಲ್ಕೆರೆ ದಾಟಿ ಚಿತ್ರದುರ್ಗದ ಕಡೆ ಹೊರಟಿದ್ದೆವು. ಕಾಣದ ಹಂಪ್ ಒಂದನ್ನು ಹಾರಿಸಿದಾಗ ಹಿಂದಿನಿಂದ ದಡ್ ಎಂಬ ಸದ್ದು. ಟ್ರೇಲರ್ ಒಳಗೆ ಪಾತ್ರೆ ಉರುಳಿರಬೇಕೆಂದು ಮುಂದೆ ಸಾಗಿದೆವು. ಲಗೇಜ್ ಆಟೋದವನೊಬ್ಬ ಪಕ್ಕಕ್ಕೆ ಬಂದು, "ಗಾಡಿ ಹೊಟ್ಟಿ ಕೆಳಗೆ ಏನೋ ಜೋತಾಡಕತ್ತೈತಿ ನೋಡ್ರಿ" ಎಂದಾಗಲೇ ಇಳಿದು ಬಗ್ಗಿದ್ದು. ನೀರಿನ ಟ್ಯಾಂಕ್ ಒಂದು ಬದಿ ಕಳಚಿ ರಸ್ತೆ ಉಜ್ಜುತ್ತಿತ್ತು. ಕಟ್ಟಿಕೊಟ್ಟ ವರ್ಕ್‌ಶಾಪಿನವರು ಎರಡು ತೂತುಪಟ್ಟಿ (ಸಾಲಾಗಿ ತೂತಿರುವ ತೆಳು ಕಬ್ಬಿಣದ ಪಟ್ಟಿ) ಬಿಗಿದು ಕೈತೊಳೆದುಕೊಂಡಿದ್ದರು. ಗಾಡಿ ತರುವಾಗ ಬಗ್ಗಿ ನೋಡದ ತಪ್ಪು ನನ್ನದೂ ಹೌದು.

ನಮ್ಮದು ಜೀಪಿನ ಹಿಂದೆ ಎಳೆಯುವ ಸಣ್ಣ ಮನೆಗಾಡಿ. ದುರ್ಗದ ಸೀಮೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಾರಿಕಣಿವೆ ಅಣೆಕಟ್ಟಿನ ಕಡೆ ಎರಡು ದಿನ ಇರೋಣ ಎಂದರೆ ಕುಡಿಯುವ, ಅಡುಗೆಯ ನೀರನ್ನು ದಾವಣಗೆರೆಯಿಂದಲೇ ಒಯ್ಯುವುದು ವಾಸಿ. ಅದಕ್ಕೇ 150 ಲೀಟರ್ ಟ್ಯಾಂಕ್.

ಒಂದು ಲೀಟರ್ ನೀರು ಒಂದು ಕೆ.ಜಿ. ಖಾಲಿ ಟ್ಯಾಂಕಿನ ತೂಕವೂ ಸೇರಿ ಸುಮಾರು 160 ಕೆ.ಜಿ. ಅಂದರೆ ಮೂರು ಸಿಮೆಂಟ್ ಮೂಟೆಗಿಂತ ಸ್ವಲ್ಪ ಹೆಚ್ಚು. ಗುಂಡಿಗೆ ಬಿದ್ದು ಎದ್ದಾಗ ಆಧಾರದ ಮೇಲೆ ಇದರ ಎರಡು ಮೂರು ಪಟ್ಟು ಬಲ ಬೀಳುತ್ತದೆ, ಹಾಗಾಗಿ 480 ಕೆ.ಜಿ. ತೂಗಿಸುವ ಲೆಕ್ಕದಲ್ಲೇ ಕಟ್ಟಬೇಕು. ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕದೊಳಗೆ ಈ ನೀರೂ ಹಿಡಿಸುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ತುಂಬಿದ ಕೊಡವನ್ನು ಕಂಠ ಹಿಡಿದು ಎಷ್ಟು ದೂರ ಒಯ್ಯಬಹುದು? ಹತ್ತು ಹೆಜ್ಜೆಗೆ ಸೊಂಟ ಕೇಳುತ್ತದೆ. ಪ್ಲಾಸ್ಟಿಕ್ ಟ್ಯಾಂಕಿನ ಕಥೆಯೂ ಅದೇ. ಎರಡು ಪಟ್ಟಿಗಳ ಮೇಲೆ ನೇತುಹಾಕಿದರೆ ನಡುವಿನ ಹೊಟ್ಟೆ ಇಳಿಬೀಳುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಇನ್ನಷ್ಟು ಜೋಲುತ್ತದೆ. ಆಗ ಪಟ್ಟಿ ಸಡಿಲ, ಟ್ಯಾಂಕ್ ಕುಣಿತ. ತೂತುಪಟ್ಟಿಯಂತೂ ತೂತಿನ ಪಕ್ಕದ ಕೂದಲೆಳೆ ಕಬ್ಬಿಣದಲ್ಲೇ ಬಾಗಿ ಬಾಗಿ ಒಂದು ದಿನ ಕಡಿಯುತ್ತದೆ. ನನ್ನದು ಕಡಿದದ್ದೂ ಅಲ್ಲಿಯೇ. ಅದಕ್ಕೇ ಟ್ಯಾಂಕಿನ ತಳವನ್ನು ಪೂರ್ತಿ ಹೊರುವ ಚೌಕಟ್ಟು ಬೇಕು, ಅದನ್ನೇ ತೊಟ್ಟಿಲು ಎನ್ನುತ್ತಿದ್ದೇನೆ.

ಮೊದಲು ಜಾಗ

ಟ್ಯಾಂಕ್ ಅಚ್ಚಿನ (ಆ್ಯಕ್ಸಲ್) ಮೇಲೆ ಅಥವಾ ಅದಕ್ಕಿಂತ ತುಸು ಮುಂದೆ ಇರಲಿ. ಟ್ರೇಲರ್ ತೂಕದ ಶೇ 10ರಿಂದ 15ರಷ್ಟು ಮುಂದಿನ ಕೊಕ್ಕೆಯ ಮೇಲೆ ಬೀಳಬೇಕು. ಟ್ಯಾಂಕ್ ಅಚ್ಚಿನ ಹಿಂದಕ್ಕೆ ಹೋದರೆ ನೀರು ತುಂಬಿದಾಗ ಮೂತಿ ಹಗುರಾಗಿ, ಗಾಡಿ ವೇಗದಲ್ಲಿ ಬಾಲ ಅಲ್ಲಾಡಿಸುತ್ತದೆ. ಪ್ಲೇಟು (ಲೀಫ್ ಸ್ಪ್ರಿಂಗ್) ಪೂರ್ತಿ ಅದುಮಿದಾಗಲೂ ಅಚ್ಚಿಗೂ ಟ್ಯಾಂಕಿಗೂ ನಡುವೆ 75 ಎಂಎಂ ಉಳಿಯಬೇಕು.

ನನ್ನ ಟ್ಯಾಂಕ್ 900 ಎಂಎಂ ಉದ್ದ, 600 ಅಗಲ, 280 ಎತ್ತರ. ಉದ್ದದ ಬದಿಯನ್ನು ಗಾಡಿಗೆ ಅಡ್ಡಲಾಗಿ ಇಟ್ಟೆ. ತುಂಬಿದ ಕೊಡ ತುಳುಕದು, ಅರ್ಧ ಟ್ಯಾಂಕ್ ಸುಮ್ಮನಿರದು. ಬ್ರೇಕ್ ಒತ್ತಿದಾಗ ನೀರಿನ ಅಲೆ 900 ಎಂಎಂ ಓಡುವ ಬದಲು 600 ಓಡಿದರೆ ಗುದ್ದು ಅಷ್ಟು ಕಡಿಮೆ.

ತೊಟ್ಟಿಲು ಕಟ್ಟುವುದು

ಇದಕ್ಕೆ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡರ್ ಹತ್ತಿರ ಹೋಗಿ. ಗೇಟು, ಗ್ರಿಲ್ ಮಾಡುವವರಿಗೆ ಕುಲುಕಾಟದ ಲೆಕ್ಕ ಗೊತ್ತಿರುವುದು ಕಡಿಮೆ.

40×40×5 ಎಂಎಂ ಆ್ಯಂಗಲ್ (ಎಲ್ ಆಕಾರದ ಕಬ್ಬಿಣ) ಮೂರು ತುಂಡು ಅಡ್ಡಕ್ಕೆ. ಚಾಸಿಯ (ಗಾಡಿಯ ತಳದ ಚೌಕಟ್ಟು) ಎರಡು ಚಾನೆಲ್‌ಗಳ (ಉದ್ದಕ್ಕೆ ಹೋಗುವ ಸಿ ಆಕಾರದ ಕಬ್ಬಿಣ) ನಡುವಿನ ಅಂತರ ಒಂದು ಮೀಟರ್ ಆಗಿದ್ದರೆ ಇವು ಸಾಕು. ನಾನು ಒಮ್ಮೆ ಸುಟ್ಟುಕೊಂಡವನು, ನಾಲ್ಕು ಹಾಕಿದೆ. ಮೇಲೆ ಟ್ಯಾಂಕಿನ ತಳ ಪೂರ್ತಿ ಕೂರುವಂತೆ 3 ಎಂಎಂ ಅಲ್ಯೂಮಿನಿಯಂ ತಗಡು, ಅಥವಾ ಅಂಚಿಗೂ ಬಣ್ಣ ಬಳಿದ 18 ಎಂಎಂ ಮರೈನ್ ಪ್ಲೈವುಡ್. ಅಲ್ಯೂಮಿನಿಯಂ ಹಾಕಿದರೆ ಕಬ್ಬಿಣಕ್ಕೆ ನೇರ ತಾಗಿಸಬೇಡಿ, ಒದ್ದೆಯಾದಾಗ ಎರಡೂ ಜಗಳವಾಡಿ ತಗಡು ತಿಂದುಹೋಗುತ್ತದೆ. ನಡುವೆ ರಬ್ಬರ್ ಇರಲಿ. ಟ್ಯಾಂಕಿನ ಕೆಳಗೂ 5 ಎಂಎಂ ರಬ್ಬರ್ ಹಾಸಿ. ಹಳೇ ಕಾರ್ಪೆಟ್ ಬೇಡ, ಅದು ನೀರು ಹೀರಿ ತುಕ್ಕಿಗೆ ಮನೆ ಮಾಡಿಕೊಡುತ್ತದೆ. ತಗಡಿಗೆ ನಾಲ್ಕಾರು ತೂತು ಕೊರೆದರೆ ಮಳೆನೀರು ನಿಲ್ಲುವುದಿಲ್ಲ.

ನಾಲ್ಕೂ ಕಡೆ 50 ಎಂಎಂ ಎತ್ತರದ ಅಂಚು ಬೇಕೇ ಬೇಕು. ಟ್ಯಾಂಕ್ ಕೆಳಗೆ ಬೀಳುವುದನ್ನು ಎಲ್ಲರೂ ಯೋಚಿಸುತ್ತಾರೆ, ಬ್ರೇಕ್ ಹೊಡೆದಾಗ ಮುಂದಕ್ಕೆ ಜಾರುವುದನ್ನು ಮರೆಯುತ್ತಾರೆ.

ತೊಟ್ಟಿಲನ್ನು ಚಾಸಿಗೆ ತೂಗುಹಾಕಲು 50×6 ಎಂಎಂ ಪಟ್ಟಿಗಳು. ಒಂದೊಂದಕ್ಕೂ ಎರಡು ಎಂ10 ಬೋಲ್ಟ್, ತಲೆಯ ಮೇಲೆ ಗಟ್ಟಿತನದ ಗುರುತು 8.8 ಎಂದು ಅಚ್ಚಾಗಿರಬೇಕು. ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್), ಎರಡೂ ಬದಿ ವಾಷರ್. ಕೊರೆಯುವುದು ಚಾನೆಲ್‌ನ ನಿಂತ ಮುಖದ ನಡುವೆ ಮಾತ್ರ. ಮೇಲಿನ ಮತ್ತು ಕೆಳಗಿನ ಅಂಚನ್ನು ಡ್ರಿಲ್ ಆಗಲಿ ವೆಲ್ಡಿಂಗ್ ಆಗಲಿ ಮುಟ್ಟಬಾರದು. ಚಾಸಿ ಬಾಗದಂತೆ ತಡೆಯುವುದು ಆ ಅಂಚುಗಳೇ, ಬಿರುಕು ಹುಟ್ಟುವುದೂ ಅಲ್ಲಿಂದಲೇ.

ನನ್ನ ಗಾಡಿಯಲ್ಲಿ ತೊಟ್ಟಿಲು ಚಾಸಿಯಿಂದ ಒಂದು ಅಡಿಯ ಹತ್ತಿರ ಕೆಳಗಿಳಿಯುತ್ತದೆ. ಹಾಗೇ ಬಿಟ್ಟರೆ ಅದು ಉಯ್ಯಾಲೆ. ತೂಗುಪಟ್ಟಿಯ ಬುಡದಿಂದ ಚಾಸಿಗೆ ಹಿಂದೆ ಮುಂದೆ ಓರೆ ಪಟ್ಟಿಗಳನ್ನು ಕೊಟ್ಟ ಮೇಲೆ ಕೈಯಲ್ಲಿ ನೂಕಿದರೂ ಅಲುಗಲಿಲ್ಲ. ವೆಲ್ಡಿಂಗ್ ನಡೆಯುವಾಗ ಟ್ಯಾಂಕ್ ಹೊರಗಿರಲಿ, ಬ್ಯಾಟರಿ ತಂತಿ ಬಿಚ್ಚಿರಲಿ.

ಇನ್ನು ಪಟ್ಟಿಗೂ ಕೆಲಸವಿದೆ. ಟ್ಯಾಂಕ್ ಮೇಲಕ್ಕೆ ನೆಗೆಯದಂತೆ 25×3 ಎಂಎಂ ಪಟ್ಟಿ ಎರಡು, ಅಡಿಗೆ ರಬ್ಬರ್. ಹಿಂಡುವಂತೆ ಬಿಗಿಯಬೇಡಿ. ತುಂಬಿದಾಗ ಟ್ಯಾಂಕ್ ಉಬ್ಬುತ್ತದೆ, ಅದಕ್ಕೇ ಗಾಡಿಯ ನೆಲಕ್ಕೂ ಟ್ಯಾಂಕಿಗೂ ನಡುವೆ 15–20 ಎಂಎಂ ಬಿಡಬೇಕು. ಟ್ಯಾಂಕಿಗೆ ಸ್ಕ್ರೂ ಹೊಡೆಯುವ ಮಾತೇ ಇಲ್ಲ.

ಗಾಳಿ ಪೈಪ್ ಚಿಕ್ಕದು, ಅದು ಕಟ್ಟಿದರೆ ಕೇಡು ದೊಡ್ಡದು. ಕನಿಷ್ಠ 12 ಎಂಎಂ ಪೈಪು, ನೀರು ತುಂಬುವ ಬಾಯಿಯಷ್ಟು ಎತ್ತರಕ್ಕೆ, ನಡುವೆ ಎಲ್ಲೂ ಜೋಲದಂತೆ ಹೋಗಲಿ. ಜೋಲಿದ ಕಡೆ ನೀರು ನಿಂತು ಗಾಳಿ ತಡೆಯುತ್ತದೆ. ಆಗ ನಲ್ಲಿಯ ಒತ್ತಡಕ್ಕೆ ಟ್ಯಾಂಕ್ ಬಲೂನಿನಂತೆ ಉಬ್ಬಿ ಪಟ್ಟಿ ಕೀಳುತ್ತದೆ, ಪಂಪ್ ಎಳೆದಾಗ ಮುದುಡುತ್ತದೆ. ತುದಿಗೆ ಸೊಳ್ಳೆ ಜಾಲರಿ ಕಟ್ಟಿ. ಟ್ಯಾಂಕಿನಿಂದ ಹೊರಡುವ ಮೊದಲ ಒಂದಡಿ ಬಳುಕುವ ಹೋಸ್ ಇರಲಿ, ಗಟ್ಟಿ ಪೈಪ್ ಕುಲುಕಾಟಕ್ಕೆ ಬಿರಿಯುತ್ತದೆ.

ಪರೀಕ್ಷೆ

ಖಾಲಿ ಇದ್ದಾಗ ತೊಟ್ಟಿಲ ಕೆಳಗೆ ಈ ತುದಿಯಿಂದ ಆ ತುದಿಗೆ ದಾರ ಎಳೆದು ಕಟ್ಟಿ, ನಡುವಿನ ಅಂತರ ಬರೆದುಕೊಳ್ಳಿ. ನೀರು ತುಂಬಿ ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಒಂದೆರಡು ಎಂಎಂ ಇಳಿದು, ಖಾಲಿ ಮಾಡಿದಾಗ ಮೊದಲಿನಂತಾದರೆ ಸರಿ. ಮರಳದಿದ್ದರೆ ಇನ್ನೊಂದು ಆ್ಯಂಗಲ್ ಸೇರಿಸಿ.

ಆಮೇಲೆ ಓಡಿಸಿ ನೋಡಬೇಕು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ. ಹೆದ್ದಾರಿ 48ರಲ್ಲಿ ನುಣ್ಣಗೆ ಹೋಗಿ ಬಂದರೆ ಏನೂ ತಿಳಿಯದು, ಹಳ್ಳಿ ರಸ್ತೆ ಹಿಡಿಯಿರಿ. ಹೊರಡುವ ಮುನ್ನ ಪ್ರತಿ ನಟ್ ಮತ್ತು ಬೋಲ್ಟ್ ಮೇಲೆ ಒಂದೇ ಗೆರೆ ಬರುವಂತೆ ಬಿಳಿ ಬಣ್ಣ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಎಂದರ್ಥ. ಮೊದಲ ಓಟದಲ್ಲಿ ನನ್ನ ಹದಿನಾರು ಬೋಲ್ಟ್‌ಗಳಲ್ಲಿ ಒಂದರ ಗೆರೆ ಮುರಿದಿತ್ತು, ಎಡಗಡೆ ಹಿಂದಿನದು. ಬಿಚ್ಚಿ ನೋಡಿದರೆ ವಾಷರ್ ಹಾಕುವುದನ್ನೇ ಮರೆತಿದ್ದೆ.